ಭುಜದಿಂದ ಗಾಲಿಯವರೆಗೆ: ಇಂಗ್ಲೆಂಡಿನ ಚಿತ್ರಗಳಲ್ಲಿ ಕುದುರೆ ಮತ್ತು ಸಾರೋಟು

ಕುದುರೆ ಹೂಡಿದ ಸಾರೋಟಿನ ಚಿತ್ರ ಎದುರಾದಾಗ ನಮ್ಮ ಕಣ್ಣು ನೇರವಾಗಿ ಕುದುರೆಯ ಮುಖಕ್ಕೆ ಹೋಗುತ್ತದೆ. ಇವತ್ತು ಸ್ವಲ್ಪ ಹೊತ್ತು ಆ ಅಭ್ಯಾಸ ಬಿಡೋಣ. ಮೊದಲು ಭುಜ ನೋಡಿ. ಭುಜಕ್ಕೆ ಒತ್ತಿ ಕೂತಿರುವ ದಪ್ಪ ಚರ್ಮದ ಕಾಲರ್ ನೋಡಿ. ಅದರ ಎರಡೂ ಬದಿಯಿಂದ ಹೊರಟು ಪಕ್ಕೆಯುದ್ದಕ್ಕೂ ಹಿಂದಕ್ಕೆ ಹೋಗುವ ಎಳೆಪಟ್ಟಿ ನೋಡಿ. ಅದು ಎಲ್ಲಿ ಹೋಗಿ ಸೇರಿದೆ, ಬಿಗಿದಿದೆಯೋ ಜೋತುಬಿದ್ದಿದೆಯೋ ಎಂದು ಕೇಳಿಕೊಳ್ಳಿ. ಚಿತ್ರಕಾರನಿಗೆ ಗಾಡಿ ಗೊತ್ತಿತ್ತೋ ಇಲ್ಲವೋ ಅಲ್ಲೇ ತಿಳಿದುಹೋಗುತ್ತದೆ.

ಸುಮಾರು 1750ರಿಂದ 1850ರವರೆಗಿನ ನೂರು ವರ್ಷ ಇಂಗ್ಲೆಂಡಿನಲ್ಲಿ ಇಂಥ ಚಿತ್ರಗಳು ಅಪಾರ ಸಂಖ್ಯೆಯಲ್ಲಿ ಬಂದವು. ಶ್ರೀಮಂತರ ಗೋಡೆಯ ಅಲಂಕಾರ ಎಂದು ಅವನ್ನು ತಳ್ಳಿಹಾಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇವುಗಳಲ್ಲಿ ಒಳ್ಳೆಯವು ಒಂದು ಕೆಲಸವನ್ನು ಪೂರ್ತಿ ಅರ್ಥಮಾಡಿಕೊಂಡು ಬರೆದ ಚಿತ್ರಗಳು. ಪ್ರಾಣಿಯ ಬಲ ಹೇಗೆ ಹೊರಟು, ಚರ್ಮ, ಕಬ್ಬಿಣ, ಮರ ದಾಟಿ ಗಾಲಿಯನ್ನು ಉರುಳಿಸುತ್ತದೆ ಎಂಬುದು ಅವುಗಳ ನಿಜವಾದ ವಸ್ತು.

ಹಾಗಾಗಿ ಎಳೆತದ ಲೆಕ್ಕದಿಂದಲೇ ಶುರುಮಾಡೋಣ. ನಮ್ಮ ಎತ್ತಿನ ಗಾಡಿಯಲ್ಲಿ ನೊಗ ಮತ್ತು ಮೂಕಿ (ಗಾಡಿಯಿಂದ ಮುಂದಕ್ಕೆ ಚಾಚಿದ ಉದ್ದ ಮರ) ಎರಡೂ ಕೆಲಸ ಮಾಡುತ್ತವೆ. ಎಳೆಯುವುದೂ ಅವುಗಳಿಂದಲೇ, ತಡೆಯುವುದೂ ಅವುಗಳಿಂದಲೇ. ಇಂಗ್ಲೆಂಡಿನ ನಾಲ್ಕು ಕುದುರೆಯ ಕೋಚಿನಲ್ಲಿ ಈ ಎರಡು ಕೆಲಸ ಬೇರೆ ಬೇರೆ. ಎಳೆಯುವುದು ಎಳೆಪಟ್ಟಿಗಳು. ನಡುವಿನ ಮೂಕಿ ಇರುವುದು ಗಾಡಿಯನ್ನು ತಿರುಗಿಸಲಿಕ್ಕೆ ಮತ್ತು ತಡೆಯಲಿಕ್ಕೆ. ಹಿಂದಿನ ಜೋಡಿಯ ಎಳೆಪಟ್ಟಿಗಳು ಗಾಡಿಯ ಮುಂಭಾಗದ ಅಡ್ಡಮರಕ್ಕೆ ಸಿಕ್ಕಿಕೊಂಡಿರುತ್ತವೆ. ಮುಂದಿನ ಜೋಡಿಯ ಎಳೆಪಟ್ಟಿಗಳು ಅಲ್ಲಿಯವರೆಗೆ ಬರುವುದೇ ಇಲ್ಲ. ಮೂಕಿಯ ತುದಿಯ ಕೊಕ್ಕೆಗೆ ನೇತುಹಾಕಿದ ಸಣ್ಣ ಅಡ್ಡಮರಗಳಿಗೆ ಸೇರುತ್ತವೆ. ಇದರ ಜೊತೆಗೆ ಮೂಕಿಯ ತುದಿಯಿಂದ ಹಿಂದಿನ ಜೋಡಿಯ ಕಾಲರುಗಳಿಗೆ ಎರಡು ಗಿಡ್ಡ ಸರಪಳಿಗಳಿರುತ್ತವೆ.

ಇಷ್ಟು ಗೊತ್ತಾದರೆ ಚಿತ್ರದಲ್ಲಿ ರಸ್ತೆ ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದನ್ನು ರಸ್ತೆ ನೋಡದೆಯೇ ಹೇಳಬಹುದು. ಏರಿನಲ್ಲಿ ನಾಲ್ಕೂ ಕುದುರೆಗಳ ಎಳೆಪಟ್ಟಿಗಳು ಕೋಲಿನಷ್ಟು ನೆಟ್ಟಗಿರಬೇಕು, ಮೂಕಿಯ ಸರಪಳಿ ಸಡಿಲವಾಗಿರಬೇಕು. ಇಳಿಜಾರಿನಲ್ಲಿ ಇದು ಪೂರಾ ತಲೆಕೆಳಗು: ಗಾಡಿಯ ತೂಕವನ್ನು ಹಿಂದಿನ ಜೋಡಿ ಮೂಕಿಯ ಸರಪಳಿಯ ಮೂಲಕ ಹಿಡಿದು ನಿಲ್ಲಿಸುತ್ತದೆ, ಮುಂದಿನ ಜೋಡಿಗೆ ಕೆಲಸವೇ ಇಲ್ಲ, ಅದರ ಎಳೆಪಟ್ಟಿ ಜೋತುಬೀಳಬೇಕು. ಇಳಿಜಾರು ಕಡಿದಾಗಿದ್ದರೆ ಹಿಂದಿನ ಒಂದು ಗಾಲಿಯ ಅಡಿಗೆ ಸರಪಳಿ ಕಟ್ಟಿದ ಕಬ್ಬಿಣದ ತಟ್ಟೆಯೊಂದನ್ನು ಕೊಟ್ಟು, ಆ ಗಾಲಿ ಉರುಳದೆ ಜಾರುವ ಹಾಗೆ ಮಾಡುತ್ತಿದ್ದರು. ಇಳಿಜಾರಿನಲ್ಲಿ ಓಡುವ ಗಾಡಿಗೆ ಬಿಗಿದ ಎಳೆಪಟ್ಟಿ ಬರೆದಿದ್ದರೆ ಆ ಚಿತ್ರಕಾರ ಗಾಡಿಯನ್ನು ನಿಂತಲ್ಲೇ ನೋಡಿ ಬರೆದು, ರಸ್ತೆಯನ್ನು ಆಮೇಲೆ ಸೇರಿಸಿದ್ದಾನೆ ಎಂದೇ ತಿಳಿಯಿರಿ.

ಲಗಾಮಿನ ಲೆಕ್ಕವೂ ಅಷ್ಟೇ ಖಚಿತ. ನಾಲ್ಕು ಕುದುರೆಗೆ ನಾಲ್ಕು ಲಗಾಮು, ನಾಲ್ಕೂ ಸಾರಥಿಯ ಎಡಗೈಯಲ್ಲಿ. ಮುಂದಿನ ಎಡ ಕುದುರೆಯದು ತೋರುಬೆರಳಿನ ಮೇಲೆ. ಮುಂದಿನ ಬಲ ಕುದುರೆಯದೂ ಹಿಂದಿನ ಎಡ ಕುದುರೆಯದೂ ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ. ಹಿಂದಿನ ಬಲ ಕುದುರೆಯದು ನಡುಬೆರಳು ಮತ್ತು ಉಂಗುರಬೆರಳಿನ ಸಂದಿಯಲ್ಲಿ. ಬಲಗೈಯಲ್ಲಿ ಚಾಟಿ. ಅವನು ಕೂರುವುದು ಪೀಠದ ಬಲಬದಿಗೆ, ಏಕೆಂದರೆ ಅಲ್ಲಿ ರಸ್ತೆಯ ಎಡಗಡೆ ಗಾಡಿ ಹೊಡೆಯುತ್ತಾರೆ. ಈ ಎಡ-ಬಲದ ಮಾತು ನೆನಪಿನಲ್ಲಿಟ್ಟುಕೊಳ್ಳಿ, ಮುದ್ರಿತ ಚಿತ್ರಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಕುದುರೆ. ಇಲ್ಲಿ ಜಾರ್ಜ್ ಸ್ಟಬ್ಸ್ ಅವರ ಹೆಸರಿಲ್ಲದೆ ಮುಂದೆ ಹೋಗುವ ಹಾಗಿಲ್ಲ. 1724ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವರು, ತಂದೆ ಚರ್ಮ ಹದಮಾಡುವ ಕೆಲಸದವರು. 1756ರಲ್ಲಿ ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಒಂದು ತೋಟದಮನೆ ಬಾಡಿಗೆಗೆ ಹಿಡಿದು, ಹದಿನೆಂಟು ತಿಂಗಳು ಕುದುರೆಗಳ ಅಂಗಚ್ಛೇದನ ಮಾಡಿದರು. ಜೊತೆಗಿದ್ದ ಸಹಾಯಕರು ಮೇರಿ ಸ್ಪೆನ್ಸರ್. ವಿಧಾನ ಕೇಳಿದರೆ ಮೈ ನಡುಗುತ್ತದೆ, ಆದರೆ ಅದರ ಹಿಂದಿನ ಯೋಚನೆ ಗಮನಿಸಿ. ಕುದುರೆಯ ಕತ್ತಿನ ರಕ್ತನಾಳ ಕತ್ತರಿಸಿ ರಕ್ತ ಬಸಿದು, ನಾಳಗಳು ಕುಗ್ಗದಂತೆ ಕರಗಿಸಿದ ಕೊಬ್ಬನ್ನು ಒಳಗೆ ತುಂಬುತ್ತಿದ್ದರು. ಆಮೇಲೆ ಚಾವಣಿಯ ಕಬ್ಬಿಣದ ಸರಳಿಗೆ ಕೊಕ್ಕೆಗಳಿಂದ ದೇಹವನ್ನು ತೂಗುಹಾಕಿ, ಗೊರಸುಗಳ ಕೆಳಗೆ ಹಲಗೆ ಕೊಟ್ಟು, ನಡೆಯುತ್ತಿರುವ ಭಂಗಿಯಲ್ಲಿ ನಿಲ್ಲಿಸುತ್ತಿದ್ದರು. ಮಲಗಿಸಿ ಕೊಯ್ದರೆ ಸ್ನಾಯುಗಳು ಚಪ್ಪಟೆಯಾಗಿ ಆಕಾರ ಕೆಡುತ್ತದೆ; ನಿಲ್ಲಿಸಿದರೆ ಭಾರ ಬೀಳಬೇಕಾದ ಕಡೆಯೇ ಬೀಳುತ್ತದೆ. ಹೊರಗಿನ ಸ್ನಾಯುಗಳಿಂದ ಮೂಳೆಯವರೆಗೆ ಪದರ ಪದರವಾಗಿ ಬಿಡಿಸುತ್ತಾ ಪ್ರತಿ ಹಂತವನ್ನೂ ಬರೆದುಕೊಂಡರು. ಒಂದು ಕುದುರೆಯ ಮೇಲೆ ಹನ್ನೊಂದು ವಾರ ಕೆಲಸ ನಡೆಯಿತು. ಚಿತ್ರಗಳನ್ನು ತಾಮ್ರದ ಮೇಲೆ ಕೆತ್ತಲು ಲಂಡನ್ನಿನ ಕೆತ್ತನೆಗಾರರು ಒಪ್ಪದಿದ್ದಾಗ ತಾವೇ ಕೆತ್ತಿದರು. 1766ರಲ್ಲಿ ಕುದುರೆಯ ಅಂಗರಚನೆಯ ಆ ಗ್ರಂಥ ಹೊರಬಂತು.

ಇದರಿಂದ ಗಾಡಿಯ ಚಿತ್ರಕ್ಕೆ ಆದ ಲಾಭ ಏನು? ಕುದುರೆಗೆ ಮುಂಗಾಲನ್ನು ಎದೆಗೂಡಿಗೆ ಸೇರಿಸುವ ಕೊರಳೆಲುಬು ಇಲ್ಲ. ಭುಜದ ಹಲಗೆಮೂಳೆ ಸ್ನಾಯುಗಳಲ್ಲೇ ತೂಗಿಕೊಂಡಿರುತ್ತದೆ, ನಡೆಯುವಾಗ ಹಿಂದೆ ಮುಂದೆ ಜರುಗುತ್ತದೆ. ಕಾಲರ್ ಕೂರಬೇಕಾದ್ದು ಆ ಜರುಗುವ ಮೂಳೆಯ ಮುಂದೆ, ಉಸಿರಿನ ಕೊಳವೆಗೆ ಒತ್ತದಷ್ಟು ಜಾಗ ಬಿಟ್ಟು. ಎಳೆಪಟ್ಟಿ ಹೊರಡುವುದು ಭುಜದ ತುದಿಗಿಂತ ಸ್ವಲ್ಪ ಮೇಲಿಂದ. ಭುಜ ಗೊತ್ತಿಲ್ಲದವನು ಕಾಲರನ್ನು ಹಾರದ ಹಾಗೆ ಕತ್ತಿನ ನಡುವೆ ನೇತುಹಾಕುತ್ತಾನೆ. ಅಂಥ ಕುದುರೆ ಗಾಡಿ ಎಳೆದರೆ ನಾಲ್ಕು ಹೆಜ್ಜೆಗೆ ಉಸಿರುಗಟ್ಟುತ್ತದೆ.

ಸ್ಟಬ್ಸ್ ಎಂದರೆ ಎಲ್ಲರಿಗೂ ನೆನಪಾಗುವುದು ವಿಸಲ್‌ಜಾಕೆಟ್ ಎಂಬ ಪಂದ್ಯದ ಕುದುರೆಯ ಚಿತ್ರ. ಸುಮಾರು 1762ರ ಚಿತ್ರ, ಹತ್ತಿರ ಹತ್ತಿರ ಮೂರು ಮೀಟರ್ ಎತ್ತರ, ಹಿನ್ನೆಲೆಯಲ್ಲಿ ಮರವಿಲ್ಲ, ನೆಲವಿಲ್ಲ, ಸವಾರನಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿ 1997ರಲ್ಲಿ ಅದನ್ನು 1.1 ಕೋಟಿ ಪೌಂಡಿಗೆ ಕೊಂಡಿತು. ಅದ್ಭುತವೇ ಸರಿ. ಆದರೆ ಇವತ್ತಿನ ಮಾತಿಗೆ ಅವರ ಇನ್ನೊಂದು ಚಿತ್ರ ಹೆಚ್ಚು ಹತ್ತಿರ: 1793ರ, ವೇಲ್ಸ್ ರಾಜಕುಮಾರನ ಫೇಟನ್. ಫೇಟನ್ ಎಂದರೆ ಯಜಮಾನ ತಾನೇ ಹೊಡೆಯುವ, ಮೇಲೆ ಮುಚ್ಚಿಗೆಯಿಲ್ಲದ ಹಗುರ ಗಾಡಿ. ಪೀಠ ಎತ್ತರ, ಗಾಲಿ ದೊಡ್ಡದು, ವೇಗವಾಗಿ ತಿರುಗಿಸಿದರೆ ಮಗುಚುವ ಅಪಾಯ ಜಾಸ್ತಿ. ಸ್ಟಬ್ಸ್ ಅದನ್ನು ಓಡಿಸುತ್ತಿಲ್ಲ. ಕುದುರೆ ಹೂಡುವ ಮುಂಚಿನ ಗಳಿಗೆಯನ್ನು ಆರಿಸಿಕೊಂಡಿದ್ದಾರೆ. ರಾಜಕುಮಾರನೂ ಚಿತ್ರದಲ್ಲಿಲ್ಲ. ಇರುವವರು ಅವನ ಸಾರಥಿ ಸ್ಯಾಮ್ಯುಯಲ್ ಥಾಮಸ್, ಲಾಯದ ಹುಡುಗ, ಕಪ್ಪು ಕುದುರೆಗಳು, ಫೀನೋ ಎಂಬ ನಾಯಿ. ಗಾಡಿ ಬಿಚ್ಚಿ ನಿಂತಿರುವುದರಿಂದ ಅದರ ಪ್ರತಿ ಭಾಗವೂ ಕಾಣುತ್ತದೆ. ಈ ಆಯ್ಕೆ ನನಗೆ ಬಹಳ ದೊಡ್ಡದು ಅನ್ನಿಸುತ್ತದೆ: ಗಾಡಿಯನ್ನು ಬಲ್ಲವರು ಯಾರೋ ಅವರ ಕೈಗೆ ಚಿತ್ರವನ್ನೇ ಒಪ್ಪಿಸಿದ್ದಾರೆ.

ಕಪ್ಪು ಕುದುರೆ ಎಂದೆನಲ್ಲ, ಬಣ್ಣ ಹಚ್ಚುವವರಿಗೆ ಒಂದು ಮಾತು. ಕಪ್ಪು ಕುದುರೆಯನ್ನು ಕಪ್ಪು ಬಣ್ಣದಲ್ಲೇ ತುಂಬಿದರೆ ಕತ್ತರಿಸಿ ಅಂಟಿಸಿದ ಕಾಗದವಾಗುತ್ತದೆ. ಮಾಲೀಸು ಮಾಡಿದ ಕೂದಲು ಹೊಳೆಯುತ್ತದೆ, ಆದ್ದರಿಂದ ಬೆನ್ನು ಮತ್ತು ಹಿಂದೊಡೆಯ ಮೇಲ್ಭಾಗ ಆಕಾಶದ ನೀಲಿ-ಬೂದಿಯನ್ನು ಹಿಡಿಯುತ್ತವೆ; ಹೊಟ್ಟೆಯ ಕೆಳಗೆ ನೆಲದ ಬೆಚ್ಚನೆ ಕಂದು ಮೇಲೆ ಹೊಡೆಯುತ್ತದೆ. ಅಪ್ಪಟ ಕಪ್ಪು ಉಳಿಯುವುದು ಇವೆರಡರ ನಡುವಿನ ತಿರುವಿನಲ್ಲಿ, ತೊಡೆಸಂದಿಯಲ್ಲಿ, ಕಾಲರಿನ ಅಂಚಿನ ನೆರಳಿನಲ್ಲಿ ಮಾತ್ರ. ವಾರ್ನಿಶ್ ಹೊಡೆದ ಸಾರೋಟಿನ ಬಾಗಿಲಿಗೂ ಇದೇ ಲೆಕ್ಕ, ಆದರೆ ಅಲ್ಲಿ ಪ್ರತಿಫಲನದ ಅಂಚು ಚೂಪಾಗಿರಬೇಕು. ಕುದುರೆಯ ಹೊಳಪೂ ಮರದ ಹೊಳಪೂ ಒಂದೇ ಥರ ಬಂದರೆ ಎರಡೂ ಕೆಟ್ಟವು.

ಗಾಲಿ. ಬಹಳ ಜನ ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಾರೋಟಿನ ಗಾಲಿ ಚಪ್ಪಟೆಯಲ್ಲ, ಆಳವಿಲ್ಲದ ಬೋಗುಣಿಯ ಆಕಾರ. ನಡುವಿನ ಗುಂಭ ಒಳಗೆ, ಗಾಡಿಯ ಕಡೆಗೆ, ಹೊರಬಳೆ ಹೊರಗೆ. ಕುದುರೆ ಹೆಜ್ಜೆಯಿಟ್ಟಾಗಲೆಲ್ಲ ಗಾಡಿ ಪಕ್ಕಕ್ಕೆ ಓಲಾಡಿ ಗುಂಭವನ್ನು ಹೊರಕ್ಕೆ ತಳ್ಳುತ್ತದೆ. ಗುಂಭದಿಂದ ಹೊರಬಳೆಗೆ ಓರೆಯಾಗಿ ಕೂರಿಸಿದ ಕಡ್ಡಿಗಳು, ಅಂದರೆ ಅರೆಕಾಲುಗಳು, ಆ ತಳ್ಳಾಟವನ್ನು ತಡೆಯುತ್ತವೆ. ಅಚ್ಚಿನ ತುದಿಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿರುತ್ತಾರೆ, ನೆಲಕ್ಕೆ ತಾಗುವ ಹೊತ್ತಿಗೆ ಅರೆಕಾಲು ನೆಟ್ಟಗೆ ನಿಲ್ಲಲಿ ಎಂದು. ಪರಿಣಾಮ ಏನೆಂದರೆ, ಗಾಡಿಯನ್ನು ಎದುರಿನಿಂದ ನೋಡಿದಾಗ ಎರಡು ಗಾಲಿಗಳ ನಡುವಿನ ಅಂತರ ನೆಲದ ಹತ್ತಿರ ಕಡಿಮೆ, ಮೇಲ್ಗಡೆ ಜಾಸ್ತಿ. ಎರಡು ಗಾಲಿಗಳನ್ನೂ ಸಮಾನಾಂತರವಾಗಿ ಬರೆದರೆ ಆಟಿಕೆಯ ಗಾಡಿ ಆಗುತ್ತದೆ.

ಬರೆಯುವ ಕ್ರಮ ಹೀಗೆ. ಮೊದಲು ಅಚ್ಚಿನ ಗೆರೆ ಎಳೆಯಿರಿ. ಓರೆಯಿಂದ ಕಾಣುವ ಗಾಲಿ ದೀರ್ಘವೃತ್ತ. ಅದರ ಗಿಡ್ಡ ಅಕ್ಷ ಅಚ್ಚಿನ ಗೆರೆಯ ದಿಕ್ಕಿನಲ್ಲೇ ಇರಬೇಕು. ಉದ್ದ ಅಕ್ಷವನ್ನು ಕಣ್ಣಂದಾಜಿನಲ್ಲಿ ನೆಟ್ಟಗೆ ನಿಲ್ಲಿಸುವುದೇ ಸಾಮಾನ್ಯ ತಪ್ಪು; ಆಗ ಗಾಲಿ ಅಚ್ಚಿನಿಂದ ಕಳಚಿ ಬಿದ್ದಹಾಗೆ ಕಾಣುತ್ತದೆ. ಹೊರಬಳೆ ಬರೆದ ಮೇಲೆ ಗುಂಭವನ್ನು ದೀರ್ಘವೃತ್ತದ ಸರಿಮಧ್ಯದಲ್ಲಿ ಇಡಬೇಡಿ. ಬೋಗುಣಿಯ ಆಳದಷ್ಟು ಅಚ್ಚಿನ ಗೆರೆಯುದ್ದಕ್ಕೆ ಗಾಡಿಯ ಕಡೆಗೆ ಸರಿಸಿ, ಅಲ್ಲಿಂದ ಅರೆಕಾಲು ಹೊರಡಿಸಿ. ಅರೆಕಾಲುಗಳ ಸಂಖ್ಯೆ ಸಮಸಂಖ್ಯೆಯಾಗಿರಲಿ, ಏಕೆಂದರೆ ಹೊರಬಳೆಯ ಪ್ರತಿ ಮರದ ತುಂಡಿಗೂ ಎರಡೆರಡು ಅರೆಕಾಲು ಬಡಿಯುವುದು ರೂಢಿ. ಮುಂದಿನ ಗಾಲಿ ಹಿಂದಿನದಕ್ಕಿಂತ ಚಿಕ್ಕದು, ತಿರುಗುವಾಗ ಗಾಡಿಯ ಒಡಲಿಗೆ ತಾಗಬಾರದಲ್ಲ.

ಸ್ಪ್ರಿಂಗಿನ ಬಗ್ಗೆ ಒಂದೇ ಮಾತು. ಎರಡು ಬಿಲ್ಲುಗಳನ್ನು ಎದುರುಬದುರು ಜೋಡಿಸಿದಂಥ ಸ್ಪ್ರಿಂಗಿಗೆ ಒಬದೈಯ ಎಲಿಯಟ್ ಪೇಟೆಂಟ್ ಪಡೆದದ್ದು 1804ರಲ್ಲಿ. ಅದಕ್ಕೂ ಮುಂಚಿನ ಸಾರೋಟುಗಳಲ್ಲಿ ಒಡಲು ಬಾಗಿದ ಉಕ್ಕಿನ ಪಟ್ಟಿಗಳಿಂದ ಚರ್ಮದ ಪಟ್ಟಿಗಳ ಮೇಲೆ ತೂಗುತ್ತಿತ್ತು. 1780 ಎಂದು ಬರೆದ ಚಿತ್ರದಲ್ಲಿ ಎಲಿಯಟ್ಟನ ಸ್ಪ್ರಿಂಗ್ ಕಂಡರೆ ತಾರೀಖನ್ನು ಅನುಮಾನಿಸಿ.

ಇನ್ನು ರಸ್ತೆಗೆ ಬರೋಣ. 1784ರ ಆಗಸ್ಟ್ 2ರಂದು ಸಂಜೆ ನಾಲ್ಕಕ್ಕೆ ಬ್ರಿಸ್ಟಲಿನಿಂದ ಹೊರಟ ಅಂಚೆಯ ಕೋಚು ಮರುದಿನ ಬೆಳಿಗ್ಗೆ ಎಂಟಕ್ಕೆ ಲಂಡನ್ ಮುಟ್ಟಿತು. ಬಾತ್ ಪಟ್ಟಣದ ಜಾನ್ ಪಾಮರ್ ಹಾಕಿದ ಯೋಜನೆ ಅದು. ಅಲ್ಲಿಂದ ಅರವತ್ತು ವರ್ಷ ಅಂಚೆ ಕೋಚು ಇಂಗ್ಲೆಂಡಿನ ರಸ್ತೆಯ ದೊರೆ. ಸುಮಾರು ಹತ್ತು ಮೈಲಿಗೊಮ್ಮೆ ಕುದುರೆ ಬದಲು, ಸುಂಕದ ಗೇಟುಗಳಲ್ಲಿ ಸುಂಕವಿಲ್ಲ, ಕಹಳೆ ಕೇಳಿದ ಕೂಡಲೆ ಗೇಟು ತೆರೆಯಲೇಬೇಕು. ಚಿತ್ರದಲ್ಲಿ ಅದನ್ನು ಗುರುತಿಸುವುದು ಸುಲಭ. ಮೇಲ್ಭಾಗ ಕಪ್ಪು, ಬಾಗಿಲ ಕೆಳಭಾಗ ಕಡುಗೆಂಪು, ಗಾಲಿಗಳು ಕೆಂಪು, ಬಾಗಿಲ ಮೇಲೆ ರಾಜಲಾಂಛನ. ಹಿಂದೆ ಒಬ್ಬನೇ ಕೂತಿರುವವನು ಕೆಂಪು ಕೋಟಿನ ಕಾವಲುಗಾರ. ಅವನ ಕಾಲ ಕೆಳಗೆ ಬೀಗ ಹಾಕಿದ ಅಂಚೆ ಪೆಟ್ಟಿಗೆ, ಕೈಗೆಟಕುವಲ್ಲಿ ಕೋವಿ. ಅವನ ಪಕ್ಕದಲ್ಲಿ ಪ್ರಯಾಣಿಕರನ್ನು ಕೂರಿಸುವಂತಿರಲಿಲ್ಲ. ಗಾಡಿಯ ಮೈಮೇಲೆ ಊರುಗಳ ಹೆಸರು ದಪ್ಪಕ್ಷರದಲ್ಲಿದ್ದು, ಹಿಂದುಗಡೆಯೂ ಜನ ತುಂಬಿದ್ದರೆ ಅದು ಖಾಸಗಿ ಸ್ಟೇಜ್ ಕೋಚು.

ಈ ಲೋಕದ ದೊಡ್ಡ ಚಿತ್ರಕಾರ ಜೇಮ್ಸ್ ಪೊಲಾರ್ಡ್, 1792ರಿಂದ 1867. ಲಂಡನ್ನಿನ ಇಸ್ಲಿಂಗ್ಟನ್‌ನವರು, ಕೆತ್ತನೆಗಾರನ ಮಗ. ಉತ್ತರಕ್ಕೆ ಹೋಗುವ ಕೋಚುಗಳೆಲ್ಲ ಅವರ ಮನೆಯ ಕಡೆಯಿಂದಲೇ ಹಾಯುತ್ತಿದ್ದವು. ರಾಜನ ಹುಟ್ಟುಹಬ್ಬದ ರಾತ್ರಿ ಏಂಜೆಲ್ ಇನ್ ಎಂಬ ತಂಗುಮನೆಯ ಎದುರು ಅಂಚೆ ಕೋಚುಗಳು ನಿಂತಿರುವ 1828ರ ಚಿತ್ರ ಅವರದು. ಪೊಲಾರ್ಡ್ ಕುದುರೆಗಳನ್ನು ಸ್ಟಬ್ಸ್ ಕುದುರೆಗಳ ಪಕ್ಕ ಇಡಬೇಡಿ, ನಿರಾಸೆಯಾಗುತ್ತದೆ: ತಲೆ ಚಿಕ್ಕದು, ಕಾಲು ಉದ್ದ, ಎಲ್ಲವೂ ಒಂದೇ ಅಚ್ಚಿನವು. ಆದರೆ ಸರಂಜಾಮು ನೋಡಿ. ಯಾವ ಪಟ್ಟಿ ಯಾವ ಕೊಂಡಿಗೆ ಎನ್ನುವುದರಲ್ಲಿ ಅವರು ಎಡವುವುದು ಅಪರೂಪ. ಹಳೆಯ ಕೋಚುಗಳನ್ನು ರಿಪೇರಿ ಮಾಡುವವರು ಅವರ ಚಿತ್ರಗಳನ್ನು ಮುಂದಿಟ್ಟುಕೊಳ್ಳಬಹುದು ಎಂದರೆ ಅದು ಸಣ್ಣ ಮಾತಲ್ಲ.

ಪೊಲಾರ್ಡ್ ಹೆಸರು ಮನೆಮಾತಾದದ್ದು ಮುದ್ರಣದಿಂದ, ಅಕ್ವಾಟಿಂಟ್ ಎಂಬ ವಿಧಾನದಿಂದ. ತಾಮ್ರದ ತಗಡಿನ ಮೇಲೆ ರಾಳದ ನುಣ್ಣನೆ ಪುಡಿ ಉದುರಿಸಿ, ಬಿಸಿಮಾಡಿ ಅಂಟಿಸುತ್ತಾರೆ. ಆಮ್ಲದಲ್ಲಿ ಮುಳುಗಿಸಿದಾಗ ಕಣಗಳ ನಡುವಿನ ತಾಮ್ರ ಮಾತ್ರ ಸವೆಯುತ್ತದೆ. ತಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ವಾರ್ನಿಶ್ ಹಚ್ಚಿ ಮತ್ತೆ ಮುಳುಗಿಸುತ್ತಾರೆ. ಹೀಗೆ ಹಂತ ಹಂತವಾಗಿ ತಿಳಿ ಬೂದಿಯಿಂದ ಕಡುಗಪ್ಪಿನವರೆಗೆ. ಮುದ್ರಿಸಿದ ಮೇಲೆ ಒಬ್ಬೊಬ್ಬರು ಕೂತು ಕೈಯಿಂದ ಜಲವರ್ಣ ತುಂಬುತ್ತಿದ್ದರು. ತಗಡು ಸವೆದಂತೆ ಮೊದಲು ಮಾಯವಾಗುವುದು ಆಕಾಶದ ತಿಳಿ ಛಾಯೆ. ತಡವಾಗಿ ತೆಗೆದ ಪ್ರತಿಗಳಲ್ಲಿ ಆಕಾಶ ಬೋಳಾಗಿರುವುದು ಇದಕ್ಕೇ.

ಈಗ ಎಡ-ಬಲದ ಮಾತು. ತಗಡಿನ ಮೇಲೆ ಇದ್ದದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ. ಹಾಗಾಗಿ ಕೆತ್ತುವವನು ಮೊದಲೇ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು. ಸೋಮಾರಿತನ ಮಾಡಿದರೆ ಸಾರಥಿ ಪೀಠದ ಎಡಬದಿಗೆ ಕೂರುತ್ತಾನೆ, ಚಾಟಿ ಎಡಗೈಗೆ ಬರುತ್ತದೆ, ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಹಳೆಯ ಮುದ್ರಿತ ಚಿತ್ರ ಕೈಗೆ ಸಿಕ್ಕಾಗ ಮೊದಲು ಚಾಟಿಯ ಕೈ ನೋಡಿ. ಯಾವುದೋ ಚಿತ್ರದಿಂದ ಅಗ್ಗವಾಗಿ ನಕಲು ಮಾಡಿದ್ದು ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ಪೊಲಾರ್ಡ್ ಮುದ್ರಣಗಳಲ್ಲಿ ಒಂದನ್ನು ಹೇಳದೆ ಬಿಡಲಾರೆ. 1816ರ ಅಕ್ಟೋಬರ್ 20ರ ರಾತ್ರಿ ಎಕ್ಸೆಟರಿನ ಅಂಚೆ ಕೋಚು ಸಾಲ್ಸ್‌ಬರಿ ಹತ್ತಿರದ ವಿಂಟರ್ಸ್‌ಲೋ ಹಟ್ ಎಂಬ ತಂಗುಮನೆಯ ಮುಂದೆ ನಿಲ್ಲುವಾಗ, ಸಂಚಾರಿ ಮೃಗಾಲಯದಿಂದ ತಪ್ಪಿಸಿಕೊಂಡ ಹೆಣ್ಣು ಸಿಂಹವೊಂದು ಮುಂದಿನ ಜೋಡಿಯ ಒಂದು ಕುದುರೆಯ ಮೇಲೆ ಎರಗಿತು. ಕಾವಲುಗಾರ ಕೋವಿ ಎತ್ತಿದ, ಸಿಂಹದ ಒಡೆಯ ಕೊಲ್ಲಬೇಡಿ ಎಂದು ತಡೆದ. ಕೊನೆಗೆ ಸಿಂಹ ಒಂದು ಕಣಜದ ಕೆಳಗೆ ನುಸುಳಿತು, ಅಲ್ಲಿ ಹಿಡಿದರು. ಕುದುರೆಯ ಹೆಸರು ಪೋಮಗ್ರಾನೆಟ್, ಅದು ಬದುಕಿತು. ಚಿತ್ರ ನೋಡುವಾಗ ಸರಂಜಾಮಿನ ಪಾಠ ನೆನೆಯಿರಿ: ಮುಂದಿನ ಕುದುರೆ ಓಡುವ ಹಾಗಿಲ್ಲ, ಜೊತೆಗಾರನಿಗೂ ಮೂಕಿಯ ತುದಿಗೂ ಕಟ್ಟಿಬಿದ್ದಿದೆ, ಹಿಂದಿನ ಜೋಡಿ ಹಿಮ್ಮೆಟ್ಟಿದರೆ ಕೋಚೇ ಅಡ್ಡತಿರುಗಿ ಮಗುಚುತ್ತದೆ. ದೃಶ್ಯದ ಭಯ ಇರುವುದು ಸಿಂಹದಲ್ಲಿ ಎಷ್ಟೋ ಪಟ್ಟಿಗಳಲ್ಲಿಯೂ ಅಷ್ಟೇ.

ಕೋಚು ಹೊಡೆದೇ ಚಿತ್ರಕಾರರಾದವರೂ ಇದ್ದಾರೆ. ಜಾನ್ ಫ್ರೆಡರಿಕ್ ಹೆರಿಂಗ್ ಡಾಂಕಾಸ್ಟರಿನಲ್ಲಿ ಕೋಚುಗಳ ಮೈಮೇಲೆ ಚಿತ್ರ ಬರೆಯುತ್ತಾ, ಜೊತೆಗೇ ಸಾರಥಿಯಾಗಿ ದುಡಿದವರು. ಲಂಡನ್-ಯಾರ್ಕ್ ನಡುವಿನ ಹೈಫ್ಲೈಯರ್ ಕೋಚನ್ನು ಹೊಡೆದಿದ್ದಾರೆ. ಸೇಂಟ್ ಲೆಜರ್ ಪಂದ್ಯ ಗೆದ್ದ 33 ಕುದುರೆಗಳನ್ನು ಆಮೇಲೆ ಬರೆದರು. ಲಗಾಮು ಹಿಡಿದ ಕೈಯ ಭಾರ ಅವರ ಚಿತ್ರಗಳಲ್ಲಿ ಸಲೀಸಾಗಿ ಬರುತ್ತದೆ.

ಕಾಲುಗಳ ಪ್ರಶ್ನೆ ಉಳಿಯಿತು. ನಾಗಾಲೋಟದ ಕುದುರೆಯನ್ನು ಅಂದಿನವರೆಲ್ಲ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲಿಸಿದರು. ಸ್ಟಬ್ಸ್ ಕೂಡ 1765ರ, ಗಿಮ್‌ಕ್ರ್ಯಾಕ್ ಎಂಬ ಪಂದ್ಯದ ಕುದುರೆಯ ಚಿತ್ರದ ಹಿನ್ನೆಲೆಯಲ್ಲಿ ಹಾಗೆಯೇ ಮಾಡಿದ್ದಾರೆ. 1878ರಲ್ಲಿ ಈಡ್ವರ್ಡ್ ಮೈಬ್ರಿಜ್, ಹುಟ್ಟಿನಿಂದ ಇಂಗ್ಲೆಂಡಿನ ಕಿಂಗ್‌ಸ್ಟನ್‌ನವರು, ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೋರಿಸಿದ್ದು ಬೇರೆಯೇ: ನಾಲ್ಕೂ ಗೊರಸು ನೆಲ ಬಿಡುವುದು ನಿಜ, ಆದರೆ ಆಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿ ಸೇರಿರುತ್ತವೆ. ಹಾಗೆಂದು ಹಳಬರನ್ನು ಹೀಗಳೆಯುವುದು ಸರಿಯಲ್ಲ. ಕಣ್ಣಿಗೆ ಹಿಡಿಯದ ವೇಗ ಅದು. ಅದಕ್ಕಿಂತ ನಿಧಾನದ ಕುಕ್ಕುಲೋಟ ಮಾತ್ರ ಕಣ್ಣಿಗೆ ಸಿಗುತ್ತದೆ: ಮೂಲೆಯಿಂದ ಮೂಲೆಗೆ, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ಅದನ್ನೇ ತಪ್ಪಿದವರಿಗೆ ರಿಯಾಯಿತಿ ಬೇಡ.

ಇಷ್ಟೂ ಹೊತ್ತು ಸಾರೋಟಿನ ಮಾತಾಯಿತು. ಹೊಲದ ಗಾಡಿಗೆ ಜಾನ್ ಕಾನ್‌ಸ್ಟೇಬಲ್ ಅವರ 1821ರ ಹೇ ವೇಯ್ನ್ ಬೇಕೇ ಬೇಕು. ಸಫೋಕ್‌ನ ಸ್ಟೌರ್ ಹೊಳೆಯ ನೀರಿನಲ್ಲಿ ಖಾಲಿ ಹುಲ್ಲಿನ ಗಾಡಿ, ಕಪ್ಪು ಕುದುರೆಗಳು, ಕೆಂಪು ಕಾಲರುಗಳು. ಚಿತ್ರವನ್ನು ಅವರು ಬರೆದದ್ದು ಲಂಡನ್ನಿನಲ್ಲಿ, ಗಾಡಿ ಇದ್ದದ್ದು ಊರಿನಲ್ಲಿ. ಜ್ಞಾಪಕದ ಮೇಲೆ ಬರೆಯಲು ಒಪ್ಪದೆ, ಊರಿನ ಕಿರಿಯ ಜಾನ್ ಡನ್‌ಥಾರ್ನ್ ಕೈಯಲ್ಲಿ ಗಾಡಿಯ ರೇಖಾಚಿತ್ರ ಬರೆಸಿ ತರಿಸಿಕೊಂಡರು. ಗಾಡಿ ನೀರಿನಲ್ಲಿ ಯಾಕಿದೆ ಎಂಬುದಕ್ಕೆ ಎರಡು ಕಾರಣ ಹೇಳುತ್ತಾರೆ: ಕುದುರೆಗಳ ಕಾಲು ತಂಪಾಗಲಿ ಎಂದು, ಬೇಸಗೆಯಲ್ಲಿ ಒಣಗಿ ಕುಗ್ಗಿದ ಗಾಲಿಯ ಮರ ನೀರು ಕುಡಿದು ಉಬ್ಬಿ, ಕಬ್ಬಿಣದ ಪಟ್ಟಿ ಮತ್ತೆ ಬಿಗಿಯಾಗಲಿ ಎಂದು. ಎರಡನೆಯದು ಹೊಲದ ಗಾಡಿ ಬಲ್ಲವರ ಕಣ್ಣಿಗೆ ತಾನಾಗಿಯೇ ಹೊಳೆಯುತ್ತದೆ. ಇಡೀ ಹಸಿರಿನ ನಡುವೆ ಆ ಕೆಂಪು ಕಾಲರುಗಳನ್ನು ಬೆರಳಿನಿಂದ ಮುಚ್ಚಿ ನೋಡಿ, ಚಿತ್ರ ಮಂಕಾಗುತ್ತದೆ.

ಅಂಚೆ ಕೋಚಿನ ಕಾಲ ಬೇಗ ಮುಗಿಯಿತು. 1830ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲಿಗೆ ಅಂಚೆ ಏರಿತು. 1846ರಲ್ಲಿ ಲಂಡನ್ನಿನಿಂದ ಕೊನೆಯ ಅಂಚೆ ಕೋಚು ಹೊರಟಿತು.

ಲಂಡನ್ನಿಗೆ ಹೋಗುವವರು ಅಥವಾ ಅಲ್ಲೇ ಇರುವವರು ನ್ಯಾಷನಲ್ ಗ್ಯಾಲರಿಗೆ ಹೋಗಿ, ಪ್ರವೇಶ ಉಚಿತ. ವಿಸಲ್‌ಜಾಕೆಟ್, ಹೇ ವೇಯ್ನ್, ಸ್ಟಬ್ಸ್ ಅವರದೇ 1787ರ ಫೇಟನ್‌ನಲ್ಲಿ ಕೂತ ದಂಪತಿಯ ಚಿತ್ರ, ಮೂರೂ ಆ ಸಂಗ್ರಹದಲ್ಲಿವೆ. ಅಮೆರಿಕದಲ್ಲಿರುವವರಿಗೆ ನ್ಯೂ ಹೇವನ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರವಿದೆ. ಅಲ್ಲಿ ತಿಳಿ ಕೆನೆಬಣ್ಣದ ಕುದುರೆಮರಿಗಾತ್ರದ ಪೋನಿಗಳ ಜೋಡಿಯಿರುವ ಸ್ಟಬ್ಸ್ ಫೇಟನ್ ಇದೆ. ಕೆನೆಬಣ್ಣದ ಮೈಮೇಲೆ ಕಪ್ಪು ಸರಂಜಾಮಿನ ಒಂದೊಂದು ಪಟ್ಟಿಯೂ ಬಿಡಿಬಿಡಿಯಾಗಿ ಕಾಣುವುದರಿಂದ, ಈಗ ಹೇಳಿದ್ದನ್ನೆಲ್ಲ ಸರಿಯಿದೆಯೇ ಎಂದು ಹಚ್ಚಿ ನೋಡಲು ಅದಕ್ಕಿಂತ ಅನುಕೂಲದ ಚಿತ್ರ ಇಲ್ಲ.